ಅರಸನನ್ನು ಇಳಿಸಿದ ಘಟ್ಟ

ಸ್ಪೇನ್ ದೇಶದ ಅರಸನ ತೂಕ ಎಷ್ಟೆಂದು ಬಲ್ಲವನು, ಸಮುದ್ರದಾಚೆಯಿಂದ ಅವನು ಆಳುತ್ತಿದ್ದ ಈ ಸೀಮೆಯಲ್ಲಿ, ನಾನೊಬ್ಬನೇ. ಮೊಟ್ಟೆಯಿಡುವ ಒಂದು ಕೋಳಿಯಷ್ಟು. ಪೆಟ್ಟಿಗೆ, ಮಖಮಲ್ಲು, ಬೀಗ ಎಲ್ಲ ಸೇರಿದರೆ ಎರಡು ಕೋಳಿ. ಸುಳ್ಳಲ್ಲ. ನಾಲ್ಕು ದಿನ ಅವನನ್ನು ಬೆನ್ನ ಮೇಲೆ ಹೊತ್ತಿದ್ದೇನೆ.

ನಾನು ಫುಲ್ಹೆನ್ಸಿಯೊ ತಪಾಸ್ಕೊ. ಇಬಾಗೆಯಿಂದ ಕಾರ್ತಾಗೊವರೆಗೆ ಕಿಂದಿಯೊ ಘಟ್ಟ ದಾಟಿಸುವ ಕುರ್ಚಿಯಾಳು. ಆ ಘಟ್ಟದಲ್ಲಿ ಕುದುರೆ ಕಾಲು ಮುರಿದುಕೊಳ್ಳುತ್ತದೆ. ಹೇಸರಗತ್ತೆ ಅಳುತ್ತದೆ. ಎತ್ತು ದೇವರನ್ನು ನೆನೆಯುತ್ತದೆ. ಮನುಷ್ಯ ಮಾತ್ರ ಸುಮ್ಮನೆ ಹೋಗುತ್ತಾನೆ, ಅವನ ಬೆನ್ನ ಮೇಲೆ ಇನ್ನೊಬ್ಬ ಮನುಷ್ಯ ಕೂತು ಹೋಗುತ್ತಾನೆ. ಮೇಲಿದ್ದವನನ್ನು ಪ್ರಯಾಣಿಕ ಎನ್ನುತ್ತಾರೆ. ಕೆಳಗಿದ್ದವನನ್ನು ಕುದುರೆ ಎನ್ನುತ್ತಾರೆ. ನನ್ನ ಎದುರಿಗೇ ಎನ್ನುತ್ತಿದ್ದರು. ಒಬ್ಬ ನ್ಯಾಯಾಧೀಶನ ಹೆಂಡತಿ ಕಾರ್ತಾಗೊದಲ್ಲಿ ಇಳಿದಮೇಲೆ ನನ್ನ ಕೆನ್ನೆ ತಟ್ಟಿ, ಅಂಗೈಯಲ್ಲಿ ಬೆಲ್ಲ ಹಿಡಿದು ಬಾಯಿಗೆ ಒಡ್ಡಿದಳು. ನಾನು ನೆಕ್ಕಿದೆ. ಬೆಲ್ಲಕ್ಕೆ ಯಾವ ನಾಚಿಕೆ?

ನನ್ನಂಥ ಬೆನ್ನು ಮುಂಚೆ ಇರಲಿಲ್ಲ, ಮುಂದೆ ಹುಟ್ಟುವುದಿಲ್ಲ. ಹನ್ನೊಂದು ಮಂದಿ ನ್ಯಾಯಾಧೀಶರನ್ನು ಹೊತ್ತಿದ್ದೇನೆ. ಮೂವರು ಬಿಷಪ್ಪರನ್ನು ಹೊತ್ತಿದ್ದೇನೆ. ಅವರಲ್ಲೊಬ್ಬ ಎಷ್ಟು ದಪ್ಪವೆಂದರೆ ಎರಡು ಸರದಿಯಲ್ಲಿ ಸಾಗಿಸಬೇಕಾಯಿತು, ಮೊದಲು ಅವನ ಹೊಟ್ಟೆ, ಆಮೇಲೆ ಅವನು. ಬೆನ್ನು ಚಪ್ಪಟೆಯಾಗಿ ಅದರ ಮೇಲೆ ಜೋಳದ ರೊಟ್ಟಿ ತಟ್ಟಬಹುದಾಗಿತ್ತು. ಹುಣ್ಣುಗಳಿದ್ದವು. ಕುರ್ಚಿಯ ಬಿದಿರು ಉಜ್ಜಿದ ಕಡೆ ಚರ್ಮ ಕೂಡುವುದೇ ಇಲ್ಲ. ನನ್ನ ಹೆಂಡತಿ ಕಿತೇರಿಯ ಅವನ್ನು ಉಪ್ಪುನೀರಿನಲ್ಲಿ ತೊಳೆಯುವಾಗ ನಾನು ಕಿರುಚುತ್ತಿದ್ದೆ. ಅವಳು ಹೇಳುತ್ತಿದ್ದಳು: "ಬಿಷಪ್ಪನ್ನ ಹೊರುವಾಗ ಸುಮ್ಮನಿರ್ತೀಯ, ಉಪ್ಪಿಗೆ ಅರಚ್ತೀಯಲ್ಲೋ."

ಕುರ್ಚಿಯ ರೀತಿ ಹೀಗೆ. ಬಿದಿರಿನದು. ನಾರಿನ ಎರಡು ಪಟ್ಟಿ ಭುಜಕ್ಕೆ, ಒಂದು ಹಣೆಗೆ. ಕೂತವನ ಬೆನ್ನು ನಮ್ಮ ಬೆನ್ನಿಗೆ. ಅವನ ಮುಖ ಹಿಂದಕ್ಕೆ. ಅವನಿಗೆ ಕಾಣುವುದು ಬಿಟ್ಟುಬಂದ ದಾರಿ. ನಮಗೆ ಕಾಣುವುದು ಕೆಸರು ಮತ್ತು ನಮ್ಮದೇ ಹೆಬ್ಬೆರಳು. ಕೂತವನು ಅಲ್ಲಾಡಬಾರದು. ಸೀನುವ ಮುನ್ನ ಹೇಳಬೇಕು. ಮೂರು ಸಲ ಅಲ್ಲಾಡಿದರೆ ಇಳಿಸಿಬಿಡುತ್ತೇವೆ. ಅದು ನಮ್ಮ ಕಸುಬಿನ ಕಾನೂನು. ಅದೊಂದೇ ಕಾನೂನು ನಮ್ಮದು. ಉಳಿದವೆಲ್ಲ ಅವರದು.

ನನ್ನ ಮುತ್ತಾತನ ಮುತ್ತಾತ ಸ್ಪೇನಿನ ಕಬ್ಬಿಣದ ಅಂಗಿಯವರನ್ನು ಹೊತ್ತನಂತೆ. ಅವರು ಬರುವಾಗ ಬರಿಗೈ, ಹೋಗುವಾಗ ಚಿನ್ನ. ತಾತ ಕಾಗದದವರನ್ನು ಹೊತ್ತ. ಕಡತ, ದಸ್ತಾವೇಜು, ಅಪ್ಪಣೆ. ಅಪ್ಪ ಕೊಬ್ಬಿನವರನ್ನು ಹೊತ್ತ. ಆಗಲೇ ಸ್ಪೇನಿನ ಹೊಟ್ಟೆ ತುಂಬಿದ್ದ ಕಾಲ. ನನ್ನ ಕಾಲಕ್ಕೆ ಸಣ್ಣಗಾಗುತ್ತ ಬಂದರು. ಭಯ ಹೊಕ್ಕವನು ಹಗುರ. ಆದರೆ ನಡುಗುತ್ತಾನೆ. ನಡುಗುವ ಹಗುರಕ್ಕಿಂತ ಸುಮ್ಮನಿರುವ ಭಾರ ವಾಸಿ. ಸಾಮ್ರಾಜ್ಯ ಉಬ್ಬಿದ್ದೂ ಇಳಿದದ್ದೂ ಪುಸ್ತಕದಲ್ಲಿ ಓದುವವರು ಓದಲಿ. ನಮಗೆ ಕುತ್ತಿಗೆ ಹೇಳುತ್ತಿತ್ತು.

ಆ ವರ್ಷ ಬೊಯಾಕಾ ಸೇತುವೆಯ ಹತ್ತಿರ ದಂಗೆಕೋರರು ಅರಸನ ಸೈನ್ಯವನ್ನು ಮಧ್ಯಾಹ್ನದ ಊಟಕ್ಕೂ ಸಂಜೆಯ ಊಟಕ್ಕೂ ನಡುವೆ ಮುಗಿಸಿದರು. ರಾಜಧಾನಿ ಸಾಂತಾಫೆಯಿಂದ ಅರಸನ ವೈಸರಾಯ್ ವೇಷ ಬದಲಿಸಿ ಓಡಿದನೆಂಬ ಸುದ್ದಿ ಬಂತು. ಸುದ್ದಿಯ ಹಿಂದೆಯೇ ದೋನ್ ಮೆಲ್ಚೋರ್ ಬಂದ.

ಅವನು ಅರಸನ ಮುದ್ರೆಯ ಕಾವಲಿನವನು. ಒಣಗಿದ ಮನುಷ್ಯ, ಸೊಳ್ಳೆಯಂಥ ಸ್ವರ, ಕೈಯಲ್ಲಿ ಬೆತ್ತ. ಜೊತೆಗೆ ಇಬ್ಬರು ಸಿಪಾಯಿಗಳು, ಇಬ್ಬರಿಗೂ ಸೇರಿ ಮೂರು ಚಪ್ಪಲಿ. ಬಂದೂಕು ತೋರಿಸಿ ನನ್ನನ್ನೂ, ನನ್ನ ಹೆಂಡತಿಯ ತಮ್ಮ ನಿಕಾನೋರನನ್ನೂ ಗುಡಿಸಲಿನಿಂದ ಹೊರಗೆಳೆಸಿದ. ಕೂಲಿ ಎಂದೆ. ಈ ಹೊರೆ ಹೊರುವುದೇ ಕೂಲಿ ಎಂದ.

"ನಿಕಾನೋರ್ ನನ್ನನ್ನ ಹೊರಲಿ. ನೀನು ಅರಸರನ್ನ ಹೊರಬೇಕು."

ನಾನು ಅವನ ಹಿಂದೆ ನೋಡಿದೆ. ಅಲ್ಲಿ ಒಂದು ಹೇಸರಗತ್ತೆ ನಿಂತಿತ್ತು.

"ಅದಾ ಸ್ವಾಮಿ?" ಎಂದ ನಿಕಾನೋರ್. ಅವನು ಬಹಳ ವಿಧೇಯ. ಹೇಳಿದ್ದರೆ ಹೊತ್ತುಬಿಡುತ್ತಿದ್ದ. ಕೆನ್ನೆಗೆ ಬೆತ್ತದ ಪೆಟ್ಟು ಬಿತ್ತು.

ದೋನ್ ಮೆಲ್ಚೋರ್ ಹೇಸರಗತ್ತೆಯ ಮೇಲಿದ್ದ ಪೆಟ್ಟಿಗೆ ಇಳಿಸಿ ತೆರೆದ. ಮಖಮಲ್ಲಿನ ಮೇಲೆ ಮುದ್ರೆಯ ಬೆಳ್ಳಿ ಬಿಲ್ಲೆ. ಅಂಗೈಯಗಲ. ಸಿಂಹ, ಕೋಟೆ, ಕಿರೀಟ. ಬಿಲ್ಲೆ ಎಲ್ಲಿರುತ್ತದೋ ಅಲ್ಲಿ ಅರಸ ಖುದ್ದಾಗಿ ಇದ್ದ ಹಾಗೆ. ಅದು ಅವರ ಪದ್ಧತಿ. ಸಾಂತಾಫೆಗೆ ಅದು ಮೊದಲು ಬಂದಾಗ ಅದನ್ನೊಂದು ಕುದುರೆಯ ಮೇಲೆ ಕೂರಿಸಿ, ಸತ್ತಿಗೆ ಹಿಡಿದು, ದೊಡ್ಡ ದೊಡ್ಡ ನ್ಯಾಯಾಧೀಶರು ಪಕ್ಕದಲ್ಲಿ ನಡೆದರಂತೆ.

"ಮಂಡಿಯೂರಿ," ಎಂದ.

ಊರಿದೆವು. ಕಿತೇರಿಯ ನಿಂತೇ ಇದ್ದಳು.

"ಊಟ ಮಾಡ್ತಾರಾ?" ಎಂದಳು.

"ಏನಂದೆ?"

"ಅರಸರು. ಎಷ್ಟು ಜನಕ್ಕೆ ಒಣಮಾಂಸ ಕಟ್ಟಬೇಕು ಅಂತ ಕೇಳ್ದೆ."

ಹೀಗೆ ಕೇಳಿದ್ದಕ್ಕೇ ಅವಳೂ ಸಿಕ್ಕಿಬಿದ್ದಳು. ಸತ್ತಿಗೆ ಹಿಡಿಯಲು ಒಂದು ಆಳು ಬೇಕಾಗಿತ್ತು. "ಈ ಬಾಯಿಬಡುಕಿ ಹಿಡೀಲಿ," ಎಂದ.

ಹೊರಡುವ ಮೊದಲೇ ಅರ್ಧ ದಿನ ಹೋಯಿತು. ಪೆಟ್ಟಿಗೆಯನ್ನು ಕುರ್ಚಿಯಲ್ಲಿಟ್ಟು ಕಟ್ಟಿದಾಗ ದೋನ್ ಮೆಲ್ಚೋರ್ ಹೌಹಾರಿದ. ಅರಸನ ಮುಖ ಹಿಂದಕ್ಕಿತ್ತು.

"ಅರಸರು ಹಿಮ್ಮುಖವಾಗಿ ಹೋಗೋದುಂಟೇ? ತಿರುಗಿಸು!"

"ತಿರುಗಿಸಿದ್ರೆ ನನ್ನ ಬೆನ್ನಿನ ಹುಣ್ಣು ನೋಡ್ಕೊಂಡು ಹೋಗ್ತಾರೆ ಸ್ವಾಮಿ."

ಅವನು ಯೋಚಿಸಿದ. ಆಮೇಲೆ ಕೇಳಿದ್ದನ್ನು ಯಾರೂ ನಂಬುವುದಿಲ್ಲ. ನನ್ನ ತಾಯಾಣೆ, ಕೇಳಿದ.

"ನೀನು ಹಿಂದುಹಿಂದಕ್ಕೆ ನಡೆಯಬಲ್ಲೆಯಾ?"

ಹತ್ತು ದಿನದ ಘಟ್ಟ. ಒಂದು ಕಡೆ ಪ್ರಪಾತ. "ನಡೀತೀನಿ ಸ್ವಾಮಿ," ಎಂದೆ, "ಆದ್ರೆ ಅರಸರು ಮುಂದೆ ಬೀಳ್ತಾರೆ, ನಾನು ಮೇಲೆ ಬೀಳ್ತೀನಿ." ಅವನು ಕಣ್ಣುಮುಚ್ಚಿ ಏನೋ ಗುನುಗಿ ಕೊನೆಗೆ ದಾರಿ ಕಂಡುಕೊಂಡ. ಶತ್ರುಗಳು ಹಿಂದಿನಿಂದ ಬರುತ್ತಿದ್ದಾರೆ, ಅರಸರು ಅವರ ಮೇಲೆ ಕಣ್ಣಿಟ್ಟಿರುತ್ತಾರೆ ಎಂದ. ಸಿಪಾಯಿಗಳು ಶಿಲುಬೆಯ ಗುರುತು ಹಾಕಿಕೊಂಡರು. ಅರಸನಿಗೆ ಬೆನ್ನು ತೋರಿಸಿ ಕೂರುವುದು ಅಪರಾಧವಾದ್ದರಿಂದ ತಾನು ನಿಕಾನೋರನ ಬೆನ್ನೇರಿ ಮುಂದೆ ಹೋದ. ಹಾಗಾಗಿ ಅವನ ಮುಖ ನನ್ನ ಕಡೆಗೆ. ನಾಲ್ಕು ದಿನ ಅವನು ನನ್ನ ಮೋರೆ ನೋಡಿದ. ನಾನು ಅವನದನ್ನು ನೋಡಿದೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಶಿಕ್ಷೆಯಾಯಿತೋ ದೇವರೇ ಬಲ್ಲ.

"ನಿನ್ನ ಮುಖದಲ್ಲಿ ಭಕ್ತಿ ಇಲ್ಲ," ಎನ್ನುತ್ತಿದ್ದ ಆಗಾಗ.

"ಬೆವರಿದೆ ಸ್ವಾಮಿ. ಅದರಡಿ ಇರಬೇಕು."

ಹೊರೆ ಇಳಿಸಿದಾಗ ಹೊರೆಗೇ ನಮಸ್ಕಾರ. ಎತ್ತುವಾಗ ಇನ್ನೊಂದು. ದಿನಕ್ಕೆ ನಲವತ್ತು ಸಲ. ಒಂದು ಕೋಳಿ ತೂಕದ ಬಿಲ್ಲೆಗಾಗಿ ನನ್ನ ಮೊಣಕಾಲ ಚಿಪ್ಪು ಕರಗಿಹೋಯಿತು. ಎರಡನೆಯ ದಿನ ಬೆಳಿಗ್ಗೆ ನೋಡಿದರೆ ಒಬ್ಬ ಸಿಪಾಯಿ ಇಲ್ಲ. ಎರಡು ಚಪ್ಪಲಿ ಹಾಕಿಕೊಂಡಿದ್ದವನು ಅವನೇ. ಉಳಿದವನು ಪಾಸ್ತೊ ಸೀಮೆಯವನು, ಒಂಟಿ ಚಪ್ಪಲಿಯವನು, ಎಲ್ಲರಿಗಿಂತ ಹಿಂದೆ ಕುಂಟುತ್ತ ಬರುತ್ತಿದ್ದ.

ದಾರಿಯ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ಕಷ್ಟದ ಮಾತು. ಎತ್ತುಗಳು ನಡೆದು ನಡೆದು ಘಟ್ಟದಲ್ಲಿ ಎದೆಮಟ್ಟದ ಓಣಿ ಕೊರೆದಿವೆ. ಅಗಲ ಒಂದು ಆಳಿನ ಭುಜದಷ್ಟು. ತಳದಲ್ಲಿ ಮೊಣಕಾಲುದ್ದ ಕೆಸರು, ಕೆಸರಿನಡಿ ಬೇರು. ಯುದ್ಧಕ್ಕೆ ಮೊದಲು ಒಬ್ಬ ಅಳತೆಯವನು ಗೂಟ ನೆಡುತ್ತ ಬಂದಿದ್ದ. ಇಲ್ಲಿ ರಸ್ತೆಯಾಗುತ್ತದೆ ಎಂದ. ಕುರ್ಚಿಯಾಳುಗಳೆಲ್ಲ ಸೇರಿ ಆ ಗೂಟ ಕಿತ್ತು ಒಲೆಗೆ ಹಾಕಿದೆವು. ಮುಂದಾಳು ನಾನೇ. ರಸ್ತೆಯಾದರೆ ನಮ್ಮ ಬೆನ್ನು ಯಾರಿಗೆ ಬೇಕು ಎಂದು ಭಾಷಣ ಮಾಡಿದೆ. ಐದು ಸಾವಿರ ಜನ ಚಪ್ಪಾಳೆ ತಟ್ಟಿದರು. ಇಪ್ಪತ್ತಿರಬಹುದು. ಕಿತೇರಿಯ ಚಪ್ಪಾಳೆ ತಟ್ಟಲಿಲ್ಲ.

"ಲಾಳ ಕಿತ್ತಾಗ ಕುದುರೇನೂ ಖುಷಿಪಡುತ್ತೆ ಕಣೋ," ಎಂದಿದ್ದಳು. "ನೀವು ಲಾಳ ಹೊಡೀರಿ ಅಂತ ಅಳ್ತಿದೀರಲ್ಲ."

ಅಂಥ ಓಣಿಯಲ್ಲಿ ನನ್ನ ಪಕ್ಕಕ್ಕೆ ಇನ್ನೊಬ್ಬರು ನಡೆಯಲು ಜಾಗವೆಲ್ಲಿ? ಅರಸನ ಮೇಲೆ ಸತ್ತಿಗೆ ಹಿಡಿಯಬೇಕಾದರೆ ಕಿತೇರಿಯ ಓಣಿಯ ಮೇಲಂಚಿನಲ್ಲಿ ನಡೆಯಬೇಕು. ಅಂಚೆಂದರೆ ಒಂದು ಗೇಣು. ಬೆನ್ನ ಮೇಲೆ ಒಣಮಾಂಸ, ಬೆಲ್ಲದ ಅಚ್ಚು, ಸಂಜೆ ಗುಡಿಸಲಿಗೆ ಹೊದಿಸುವ ಅಗಲದ ಎಲೆಗಳ ಕಟ್ಟು. ಕೈಯಲ್ಲಿ ಕೆಂಪು ಮಖಮಲ್ಲಿನ ಸತ್ತಿಗೆ. ಮಳೆ ನೀರು ಕುಡಿದು ಅದು ಅರಸನ ಹತ್ತರಷ್ಟು ಭಾರವಾಗಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ. ನೆತ್ತಿಯ ಬಯಲು ಇನ್ನೊಂದು ಹರದಾರಿ. ಮೇಣದ ತಾಳೆಮರಗಳು ಮುಗಿದು ಮಂಜು ಶುರುವಾಗಿತ್ತು. ಗಾಳಿ ಎದ್ದಿತು. ಸತ್ತಿಗೆ ವಾಲಿತು.

"ಏಯ್ ಹೆಂಗಸೇ! ಅರಸರ ಮೇಲೆ ಹನಿ ಬೀಳ್ತಿದೆ! ಚಾಚು!"

"ಜಾಗ ಇಲ್ಲ ಸ್ವಾಮಿ. ಅಂಚು ಕುಸೀತಿದೆ."

"ಚಾಚು ಅಂದೆ!"

"ಬೆಳ್ಳಿ ನೆನೆದ್ರೆ ನೆಗಡಿಯಾಗಲ್ಲ ಸ್ವಾಮಿ."

ಅವನು ಬೆತ್ತ ಬೀಸಿದ. ಅವಳಿಗೆ ಎಟುಕದು. ನಿಕಾನೋರನ ತೊಡೆಗೆ ಬಾರಿಸಿದ. "ನಿನ್ನಕ್ಕನಿಗೆ ಹೇಳು!" ಇನ್ನೊಂದು ಬಾರಿಸಿದ. ತಮ್ಮನ ತೊಡೆಯ ಮೇಲೆ ಮೂರನೆಯ ಪೆಟ್ಟು ಬಿದ್ದಾಗ ಕಿತೇರಿಯ ಕೈ ಚಾಚಿದಳು.

ಅಂಚು ಕುಸಿಯಿತು. ಅವಳು ನನ್ನ ಕಾಲಬುಡಕ್ಕೆ ಬಂದು ಬಿದ್ದಳು. ಕಾಲು ಎರಡು ಬೇರುಗಳ ನಡುವೆ ಸಿಕ್ಕಿತ್ತು, ಮೈ ಮಾತ್ರ ಮುಂದಕ್ಕೆ ಬಂದಿತ್ತು. ಒಣಬಿದಿರು ಮುರಿದ ಸದ್ದು. ಮೊಣಕಾಲಿನ ಕೆಳಗೆ ಇನ್ನೊಂದು ಮೊಣಕಾಲು ಹುಟ್ಟಿದ ಹಾಗೆ ಎಲುಬು ಉಬ್ಬಿ ನಿಂತಿತ್ತು.

ದೋನ್ ಮೆಲ್ಚೋರ್ ಬಾಯಿಂದ ಬಂದ ಮೊದಲ ಮಾತು ಇದು:

"ಸತ್ತಿಗೆ ಎತ್ತಿ."

ಯಾರೂ ಎತ್ತಲಿಲ್ಲ. ನಾನು ಅರಸನನ್ನು ಹೊತ್ತುಕೊಂಡೇ ಬಗ್ಗಿ ಬೇರು ಕಿತ್ತೆ, ಅವಳ ಕಾಲು ಬಿಡಿಸಿದೆ. ಅವಳು ಶಾಲಿನ ಅಂಚು ಕಚ್ಚಿಕೊಂಡಿದ್ದಳು. ಮುಖ ಬೂದಿಯಾಗಿತ್ತು. ಅಲ್ಲಿಂದ ಕಾರ್ತಾಗೊ ಇನ್ನೂ ಆರೇಳು ದಿನ. ಇಬಾಗೆ ಇಳಿಜಾರಿನಲ್ಲಿ ಮೂರು ದಿನ. ಇಬಾಗೆಯ ಚೌಕದಲ್ಲಿ ಮೂಳೆ ಕೂರಿಸುವ ಮುದುಕಿಯಿದ್ದಳು. ಮೂರು ದಿನದೊಳಗೆ ಅವಳ ಕೈಸೇರಿದರೆ ಕಾಲು. ಇಲ್ಲವೆಂದರೆ ಕಾಲಿಲ್ಲ. ಆ ಚಳಿಯಲ್ಲಿ ಕಿತೇರಿಯಳೇ ಇಲ್ಲ.

"ಸ್ವಾಮಿ," ಎಂದೆ. "ಪೆಟ್ಟಿಗೆ ನೀವು ಇಟ್ಕೊಳಿ. ತೊಡೆ ಮೇಲೆ ಹಿಡಿಸುತ್ತೆ. ನನ್ನ ಕುರ್ಚೀಲಿ ಇವಳನ್ನ ಕೂರಿಸ್ತೀನಿ."

"ಅರಸರು ಪ್ರಜೆಯ ತೊಡೆಯ ಮೇಲೆ ಕೂರೋದಿಲ್ಲ."

"ಹಾಗಾದ್ರೆ ನನ್ನ ಎದೆಗೆ ಕಟ್ಕೋತೀನಿ. ಎದೇಲಿ ಅರಸರು, ಬೆನ್ನಲ್ಲಿ ಇವಳು."

"ಅರಸರು ಕೂತ ಪೀಠದಲ್ಲಿ ಹೊಲಸು ಹೆಂಗಸು ಕೂರೋದಾ?"

"ಮತ್ತೆ ಏನ್ ಮಾಡ್ಲಿ ಸ್ವಾಮಿ?"

ಅವನು ದಯೆ ತೋರಿಸಿದ. ನಿಜಕ್ಕೂ ಅದನ್ನು ದಯೆಯೆಂದೇ ತಿಳಿದಿದ್ದ. "ಇಲ್ಲೇ ಒಂದು ಎಲೆ ಗುಡಿಸಲು ಹಾಕು. ಬೆಲ್ಲ ಇಡು. ವಾಪಸು ಬರುವಾಗ ಕರೆದುಕೊಂಡು ಹೋಗು. ಬೇಗ. ಅರಸರು ಕಾಯ್ತಿದ್ದಾರೆ."

ವಾಪಸು ಬರಲು ಹದಿನೈದು ದಿನ. ಅಲ್ಲಿ ಬಿಟ್ಟ ಎತ್ತನ್ನು ರಣಹದ್ದು ಮೂರು ದಿನದಲ್ಲಿ ಮುಗಿಸುತ್ತದೆ. ಮೊದಲು ಕಣ್ಣು.

ನಾನು ಕಿತೇರಿಯಳ ಕಡೆ ನೋಡಿದೆ. ಬೇಡಿಕೊಳ್ಳುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನಲ್ಲ, ನನ್ನ ಮೊಣಕಾಲನ್ನು ನೋಡುತ್ತಿದ್ದಳು. ಆಗ ನನಗೂ ಗೊತ್ತಾಯಿತು. ನಾನು ಮಂಡಿಯೂರಿದ್ದೆ. ಯಾವಾಗ ಊರಿದೆನೋ ತಿಳಿಯದು. ಇಪ್ಪತ್ತಾರು ವರ್ಷದ ಅಭ್ಯಾಸ. 'ಸ್ವಾಮಿ' ಎಂಬ ಮಾತು ಬಾಯಿಗೆ ಬಂದರೆ ಮೊಣಕಾಲು ತಾನಾಗಿ ಮಡಚುತ್ತಿತ್ತು.

"ನೋಡಿ ಸ್ವಾಮಿ," ಎಂದಳು ಕಿತೇರಿಯ ಹಲ್ಲು ಕಚ್ಚಿಕೊಂಡು, "ಈಗ ಅವನ ಮುಖದಲ್ಲಿ ಭಕ್ತಿ ಬಂದಿದೆ."

ಬೆತ್ತದ ಏಟು ತಿಂದಿದ್ದೇನೆ. ಒಂದು ಸಲ ಒಬ್ಬ ಕರ್ನಲ್ ಕುರ್ಚಿಯಿಂದ ಇಳಿಯದೆ ಉಚ್ಚೆ ಹೊಯ್ದಿದ್ದ, ಅದು ನನ್ನ ಕಾಲಮೇಲೆ ಹರಿದಿತ್ತು. ಆಗಲೂ ಉರಿಯದ ಜಾಗವೊಂದು ಅಂದು ಉರಿಯಿತು.

ಎದ್ದೆ. ಹಣೆಯ ಪಟ್ಟಿ ತೆಗೆದೆ. ಭುಜದ ಪಟ್ಟಿ ಜಾರಿಸಿದೆ. ಕುರ್ಚಿ ಇಳಿಸಿದೆ. ನಮಸ್ಕಾರ ಮಾಡಲಿಲ್ಲ. ಪೆಟ್ಟಿಗೆಯ ಹಗ್ಗ ಬಿಚ್ಚಿ ಅರಸನನ್ನು ಎತ್ತಿ ಕೆಸರಿನಲ್ಲಿಟ್ಟೆ. ಎಸೆಯಲಿಲ್ಲ. ಅಷ್ಟು ಮರ್ಯಾದೆ ಕೊಟ್ಟೆ.

"ಏನ್ ಮಾಡ್ತಿದೀಯ? ಏಯ್! ಏನ್ ಮಾಡ್ತಿದೀಯ?"

"ಕುರ್ಚಿ ನಂದು," ಎಂದೆ. "ಬಿದಿರು ನಾನೇ ಕಡಿದಿದ್ದು. ನಿಮ್ಮ ಅರಸಂಗೆ ಕಾಲಿದ್ರೆ ನಡೀಲಿ."

ಅವನು ನಿಕಾನೋರನ ಬೆನ್ನ ಮೇಲೆ ಕುಣಿದ. "ಸಿಪಾಯಿ! ಹೊಡಿ ಅವನನ್ನ! ರಾಜದ್ರೋಹ!"

ಸಿಪಾಯಿ ಬಂದೂಕು ಎತ್ತಿದ. ಗುರಿ ನನ್ನ ಎದೆಗೇ ಇತ್ತು. ಎತ್ತಿ, ಹಾಗೆಯೇ ಯೋಚಿಸುತ್ತ ನಿಂತ.

"ಇವನನ್ನ ಹೊಡೆದ್ರೆ ಅರಸರನ್ನ ಯಾರು ಹೊರಬೇಕು ಸ್ವಾಮಿ?"

"ನೀನು!"

ಸಿಪಾಯಿ ಕುರ್ಚಿಯನ್ನು ನೋಡಿದ. ಮುಂದಿನ ಏರನ್ನು ನೋಡಿದ. ತನ್ನ ಒಂಟಿ ಚಪ್ಪಲಿಯನ್ನು ನೋಡಿದ. ಬಂದೂಕು ಇಳಿಸಿದ.

"ಮದ್ದು ಒದ್ದೆಯಾಗಿದೆ ಸ್ವಾಮಿ."

ಒದ್ದೆಯಾಗಿರಲಿಲ್ಲ. ಎಣ್ಣೆಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದ. ಬೆಳಿಗ್ಗೆ ನಾನೇ ನೋಡಿದ್ದೆ.

ದೋನ್ ಮೆಲ್ಚೋರ್ ಬೆತ್ತ ಎತ್ತಿ ಒದರಾಡಿದ. ಅವನ ಕೆಳಗಿನಿಂದ ನಿಕಾನೋರನ ಸ್ವರ ಬಂತು. ನಾಲ್ಕು ದಿನದಲ್ಲಿ ಅವನು ಆಡಿದ ಎರಡನೆಯ ಮಾತು.

"ಒಂದು," ಎಂದ.

"ಏನು ಒಂದು? ನಡೆ! ಮುಂದೆ ನಡೆ, ಪ್ರಾಣಿ!" ಎಂದು ಇವನು ಜಿಗಿದ.

"ಎರಡು."

"ನಿನ್ನ ಚರ್ಮ ಸುಲಿಸ್ತೀನಿ!"

"ಮೂರು," ಎಂದ ನಿಕಾನೋರ್. ಕಸುಬಿನ ಕ್ರಮ ತಪ್ಪದ ಹಾಗೆ ಮೆಲ್ಲಗೆ ಕೂತ. ಪಟ್ಟಿ ಬಿಚ್ಚಿದ. ದೋನ್ ಮೆಲ್ಚೋರ್ ಕುರ್ಚಿಸಮೇತ ಕೆಸರಿನಲ್ಲಿ ಕೂತಿದ್ದ, ಶೌಚಕ್ಕೆ ಕೂತವನ ಹಾಗೆ. ನಿಕಾನೋರ್ ಅವನ ಕಂಕುಳಿಗೆ ಕೈಹಾಕಿ ಎತ್ತಿ ಪಕ್ಕಕ್ಕಿಟ್ಟು, ತನ್ನ ಕುರ್ಚಿಯನ್ನು ಕಲ್ಲಿಗೆ ಬಡಿದು ಮುರಿದ. ಬಿದಿರಿನ ನಾಲ್ಕು ದಬ್ಬೆ ಆರಿಸಿ ಅಕ್ಕನ ಕಾಲಿಗೆ ಕಟ್ಟಿದ. ಸತ್ತಿಗೆಯ ಮಖಮಲ್ಲು ಹರಿದು ಸುತ್ತಿದ. ಮಖಮಲ್ಲು ಜೀವಮಾನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು.

ಕಿತೇರಿಯಳನ್ನು ಕೂರಿಸಿ ನಾನು ಎದ್ದೆ. ಮುಖ ಇಬಾಗೆಯ ಕಡೆಗೆ. ನಮ್ಮವರಲ್ಲಿ ಯಾರೂ ಆ ಕುರ್ಚಿಯಲ್ಲಿ ಕೂತವರಲ್ಲ. ತಮಾಷೆಗೂ ಕೂರುತ್ತಿರಲಿಲ್ಲ.

"ಥೂ, ಇದೇನೋ ಇಷ್ಟು ಗಟ್ಟಿ," ಎಂದಳು. "ಇದರಲ್ಲಿ ಹತ್ತು ದಿನ ಕೂರ್ತಿದ್ರಾ ಅವರು? ಅದಕ್ಕೇ ಎಲ್ಲರ ಮೋರೆ ಹಾಗೆ."

"ಅಲ್ಲಾಡ್ಬೇಡ."

"ಅಲ್ಲಾಡ್ತೀನಿ. ಏನ್ ಮಾಡ್ತೀಯ, ಇಳಿಸ್ತೀಯಾ?"

ಸಿಪಾಯಿ ನಮ್ಮಿಂದ ಒಂದು ಬೆಲ್ಲದ ಅಚ್ಚು ಇಸಿದುಕೊಂಡು, ಬಂದೂಕನ್ನು ಊರುಗೋಲು ಮಾಡಿಕೊಂಡು ತನ್ನ ಊರಿನ ದಿಕ್ಕಿಗೆ ಹತ್ತಿಹೋದ. ನಾವು ಇಳಿದೆವು. ದೋನ್ ಮೆಲ್ಚೋರ್ ನಡುವೆ ಉಳಿದ. ಮುಂದೆ ಹೋದರೆ ಊಟವಿಲ್ಲ, ಹಿಂದೆ ಹೋದರೆ ದಂಗೆಕೋರರು. ಊಟವೂ ಗುಡಿಸಲಿನ ಎಲೆಯೂ ಈಗ ಅಕ್ಕನ ಬೆನ್ನಿಂದ ನಿಕಾನೋರನ ಬೆನ್ನಿಗೆ ಬಂದಿದ್ದವು. ಹೊಟ್ಟೆ ರಾಜನಿಷ್ಠೆಗಿಂತ ಹಳೆಯದು.

ಅಂದು ಉಳಿದ ಹಗಲೆಲ್ಲ ಸ್ಪೇನಿನ ಚರಿತ್ರೆಯನ್ನು ನನ್ನ ಹೆಂಡತಿ ನನಗೆ ಹೇಳುತ್ತ ಬಂದಳು. ನಾನು ತಿರುಗುವ ಹಾಗಿರಲಿಲ್ಲ. ಕಂಡದ್ದು ಅವಳಿಗೆ.

"ಬರ್ತಿದಾನಾ?"

"ಮಂಡಿಯೂರಿದಾನೆ."

"ಪ್ರಾರ್ಥನೇನಾ?"

"ಅಲ್ಲ, ಪೆಟ್ಟಿಗೆ ಎತ್ತೋಕೆ. ಪಾಪಿ, ಎತ್ತೋದೇ ಬರಲ್ಲ ಅವನಿಗೆ. ಮಗು ಎತ್ತೋ ಗಂಡಸಿನ ಹಾಗೆ ಎತ್ತಿದಾನೆ."

ಸ್ವಲ್ಪ ದೂರ ಹೋದಮೇಲೆ ಕುರ್ಚಿ ಅಲುಗಿತು. ನಗುತ್ತಿದ್ದಳು. ನಗುವಾಗ ಕಾಲು ನೋಯುತ್ತಿತ್ತು, ನೋವಿಗೆ ಬಯ್ಯುತ್ತಿದ್ದಳು, ಬೈದು ಮತ್ತೆ ನಗುತ್ತಿದ್ದಳು.

"ಏನೇ?"

"ಕೆಸರು ಬೂಟು ಕಿತ್ಕೊಂಡ್ತು. ಒಂದು ಕಾಲಲ್ಲಿ ನಿಂತಿದಾನೆ, ಕೊಕ್ಕರೆ ಹಾಗೆ. ಈಗ ಪೆಟ್ಟಿಗೆ ಎಸೆದ. ಅರಸನ್ನ ತೆಗೆದು ಟೋಪಿಯೊಳಗೆ ಹಾಕ್ಕೊಂಡ. ಟೋಪಿ ತಲೆ ಮೇಲೆ ಇಟ್ಕೊಂಡ."

"ಭಲೆ. ಅರಸ ಇರಬೇಕಾದ ಜಾಗ."

"ಬಿದ್ದ."

"ಯಾರು?"

"ಇಬ್ಬರೂ. ಅರಸ ಉರುಳ್ಕೊಂಡು ಬರ್ತಿದೆ ನೋಡು, ಚಕ್ರದ ಹಾಗೆ. ಬಂತು, ಬಂತು... ಹೊಂಡಕ್ಕೆ ಬಿತ್ತು."

ನಾನು ನಿಂತೆ. ನಿಕಾನೋರನೂ ನಿಂತ.

"ಹುಡುಕ್ತಿದಾನಾ?"

ನೋಡಲು ಅವಳು ಬದಿಗೆ ಬಾಗಿದಳು, ಕುರ್ಚಿ ವಾಲಿತು.

"ನೋಡ್ತಿದಾನೆ," ಎಂದಳು. "ಕೈ ಹಾಕಿದ್ರೆ ಸಿಗುತ್ತೆ. ಮೊಣಕೈವರೆಗೆ ಕೆಸರಾಗುತ್ತೆ, ಅಷ್ಟೇ. ತೋಳಿನ ಜರಿ ನೋಡ್ಕೊಂಡ. ಕೈ ಹಾಕ್ಲಿಲ್ಲ. ಎದ್ದು ಬರ್ತಿದಾನೆ."

ಮುನ್ನೂರು ವರ್ಷ. ಸಮುದ್ರದ ಈಚೆ ಅರ್ಧ ಲೋಕ. ಎಷ್ಟು ಹಡಗು, ಎಷ್ಟು ಬೆಳ್ಳಿ, ಎಷ್ಟು ಬೆನ್ನು. ಅದೆಲ್ಲ ಮೊಣಕೈ ಆಳದ ಒಂದು ಹೊಂಡದಲ್ಲಿ ಮುಗಿಯಿತು. ಒಬ್ಬನಿಗೆ ತೋಳು ಕೊಳಕಾಗುವುದು ಬೇಡವಾಗಿತ್ತು. ಬೊಯಾಕಾ ಎನ್ನುತ್ತಾರೆ. ಸುಳ್ಳು. ಸಾಮ್ರಾಜ್ಯ ಬಿದ್ದ ಜಾಗ ನನಗೆ ಗೊತ್ತು. ಬೇಕಾದವರಿಗೆ ತೋರಿಸುತ್ತೇನೆ.

ಅವನು ಏದುಸಿರು ಬಿಡುತ್ತ ನಮ್ಮನ್ನು ಹಿಡಿದ.

"ನಿಕಾನೋರ್, ಮಗನೇ," ಎಂದ. ಪ್ರಾಣಿ ಮಗನಾಗಿದ್ದ. "ನಾನೀಗ ಅರಸರ ಕಡೆಯವನಲ್ಲ. ನನ್ನನ್ನ ಹೊತ್ಕೊ."

"ಕುರ್ಚಿ ಇಲ್ಲ ಸ್ವಾಮಿ. ಅಕ್ಕನ ಕಾಲಿಗೆ ಕಟ್ಟಿದೀನಿ."

"ಮತ್ತೆ ನಾನು?"

ನಿಕಾನೋರ್ ಎಲೆಯ ಕಟ್ಟನ್ನು ಇಳಿಸಿ ಅವನ ಮುಂದಿಟ್ಟ. "ಎಲೆ ಹೊತ್ತವನಿಗೆ ಗುಡಿಸಲು. ಹೊರದವನಿಗೆ ಮಳೆ."

ಹೊತ್ತ. ಪಟ್ಟಿಯನ್ನು ಹಣೆಗೆ ಹಾಕುವ ಬದಲು ಕಣ್ಣಿಗೆ ಹಾಕಿಕೊಂಡು ಎರಡು ಸಲ ಮರಕ್ಕೆ ಗುದ್ದಿದ. ಮೂರು ದಿನದಲ್ಲಿ ನಾನೂರು ಸಲ ಬಿದ್ದ. ಕಿತೇರಿಯ ಎಣಿಸಿದಳು. ಕಡಿಮೆಯೇ ಹೇಳುತ್ತಿದ್ದೇನೆ. ಮೂರನೆಯ ದಿನ ಅವಳ ನಗು ನಿಂತಿತು. ಕಾಲು ಕುಂಬಳಕಾಯಿಯಾಗಿತ್ತು. ಮೈ ಕಾದು ನನ್ನ ಬೆನ್ನು ಸುಡುತ್ತಿತ್ತು. ನಾನು ಓಡಿದೆ. ಕುರ್ಚಿಯಾಳು ಓಡುವುದಿಲ್ಲ. ನಾನು ಓಡಿದೆ.

ಇಬಾಗೆಯ ಚೌಕದಲ್ಲಿ ಹೊಸ ಬಾವುಟ. ಹೊಸ ನೀಲಿ ಕೋಟು. ಅದರೊಳಗಿದ್ದವನು ಇದೇ ಸೀಮೆಯ ಜಮೀನುದಾರರ ಮಗ, ಹೋದ ತಿಂಗಳವರೆಗೆ ವಕೀಲ, ಈಗ ಕ್ಯಾಪ್ಟನ್. ಚೌಕದ ಆಚೆ ಬದಿಗೆ ಮೂಳೆ ಕೂರಿಸುವ ಮುದುಕಿಯ ಬಾಗಿಲು. ನಲವತ್ತು ಹೆಜ್ಜೆ. ಅವನು ಅಡ್ಡ ಬಂದು ನಿಂತ.

"ನಿಲ್ಲು ನಾಗರಿಕ! ನಾವೀಗ ಸ್ವತಂತ್ರರು. ಇನ್ನು ಮೇಲೆ ದಣಿಯಿಲ್ಲ, ಆಳಿಲ್ಲ. ಎಲ್ಲ ಸಮಾನರು."

"ಒಳ್ಳೇದು. ದಾರಿ ಬಿಡಿ."

"ಗಣರಾಜ್ಯದ ತುರ್ತು ಕೆಲಸ. ನಾನು ಕಾರ್ತಾಗೊಗೆ ಹೋಗಬೇಕು. ನಿನ್ನ ಕುರ್ಚಿ ಗಟ್ಟಿಯಾಗಿದೆ. ಖಾಲಿ ಮಾಡು." ಆಮೇಲೆ ಎಲೆ ಕಟ್ಟಿನ ಕೆಳಗಿದ್ದವನ ಕಡೆ ತಿರುಗಿದ. ಬರಿಗಾಲು, ಹರಿದ ಅಂಗಿ, ಹಣೆಯಲ್ಲಿ ಪಟ್ಟಿಯ ಗುರುತು. "ನೀನ್ಯಾರು?"

ದೋನ್ ಮೆಲ್ಚೋರ್ ಬಾವುಟ ನೋಡಿದ. ಕ್ಯಾಪ್ಟನ್ನನ ಕತ್ತಿ ನೋಡಿದ.

"ಹೊರೆಯಾಳು," ಎಂದ. ಮುನ್ನೂರು ವರ್ಷದಲ್ಲಿ ಅವರು ಹೇಳಿದ ಅತಿ ದೊಡ್ಡ ಸುಳ್ಳು ಅದು. ಅದಕ್ಕಿಂತ ದೊಡ್ಡದನ್ನು ನಾನೂ ಹೇಳಿಲ್ಲ. ನಿಕಾನೋರ್ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಅವನ ಕಣ್ಣಲ್ಲಿ ಒಂದು ಕುಚೋದ್ಯ ಹೊಳೆದದ್ದನ್ನು ಆ ದಿನವೇ ಮೊದಲು ನಾನು ಕಂಡೆ.

"ಕೇಳಿಸಲಿಲ್ವಾ ನಾಗರಿಕ?" ಕ್ಯಾಪ್ಟನ್ ನನ್ನ ಭುಜದ ಪಟ್ಟಿಗೆ ಕೈಹಾಕಿದ. "ಬಗ್ಗು. ಅವಳನ್ನ ಇಳಿಸು."

ನಾನು ಬಗ್ಗಲಿಲ್ಲ. ಕಾಲು ಅವಳದು, ಉತ್ತರವೂ ಅವಳದೇ ಆಗಬೇಕಿತ್ತು. ಅವಳ ಮುಖ ಹಿಂದಕ್ಕಿತ್ತು. ಹಾಗಾಗಿ ನಾನು ನಿಂತಲ್ಲೇ ತಿರುಗಿದೆ. ಗಣರಾಜ್ಯಕ್ಕೆ ಪೂರ್ತಿಯಾಗಿ ಬೆನ್ನು ತೋರಿಸಿದೆ. ಆಗ ಕಿತೇರಿಯ ಅವನಿಗೆ ಎದುರಾದಳು. ಜ್ವರದ ಕಣ್ಣು, ಕೆಸರು ಮೆತ್ತಿದ ಕೂದಲು, ಕಾಲಿಗೆ ಅರಸನ ಮಖಮಲ್ಲು.

"ಖಾಲಿ ಇಲ್ಲ," ಎಂದಳು.

ಅವನು ಏನೋ ಹೇಳಲು ಹೊರಟ. ಅವಳು ಇನ್ನೊಂದು ಸಲ ಹೇಳಿದಳು. ಚೌಕದಲ್ಲಿದ್ದ ಕುರ್ಚಿಯಾಳುಗಳೆಲ್ಲ ಕೂತಲ್ಲಿಂದ ಎದ್ದು ನಿಂತರು. ಹತ್ತು ಸಾವಿರ ಜನ. ಏಳು ಮಂದಿ ಇರಬಹುದು. ಯಾರೂ ಕೈಯೆತ್ತಲಿಲ್ಲ. ತಮ್ಮ ತಮ್ಮ ಕುರ್ಚಿಗಳನ್ನು ಎತ್ತಿ, ಯಾರೂ ಕೂರದ ಹಾಗೆ ಗೋಡೆಯ ಕಡೆಗೆ ತಿರುಗಿಸಿ ಇಟ್ಟರು. ಅಷ್ಟೇ.

ನಾನು ಚೌಕವನ್ನು ಬಳಸಿಕೊಂಡು ಮುದುಕಿಯ ಬಾಗಿಲಿಗೆ ನಡೆದೆ. ಆ ಕಾಲು ಸೊಟ್ಟಗೆ ಕೂಡಿತು, ಆದರೆ ಕೂಡಿತು. ಮೂವತ್ತು ವರ್ಷ ಅವಳು ಅದರ ಮೇಲೆ ನಿಂತು ನನ್ನನ್ನು ಬೈದಳು. ಅದು ಆಮೇಲಿನದು. ಅಂದು ನಾನು ನಡೆಯುತ್ತಿದ್ದಾಗ ಹಿಂದಿನಿಂದ ಕ್ಯಾಪ್ಟನ್ನನ ಸ್ವರ ಕೇಳಿಸಿತು.

"ಹಾಗಾದ್ರೆ ನೀನು ಬಾ, ಎಲೆ ಹೊತ್ತವನೇ. ಕುರ್ಚಿ ಇಲ್ಲದಿದ್ರೆ ಹೆಗಲ ಮೇಲೇ ಕೂರ್ತೀನಿ. ಬಗ್ಗು."

ಹೇಳಿದ್ದು ನನಗಲ್ಲ.